ಲೋಕೇಶನ ಕಲ್ಲಿನ ಗಾಡಿ

ಲೋಕೇಶ ತೀರಿಕೊಂಡ ವರ್ಷದ ತಿಥಿಗೆ ಅವನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕು ಎಂದು ಅವನ ತಾಯಿ ಚಿಕ್ಕಬೋರಮ್ಮ ಹೇಳಿದಾಗ, ಅದು ವೀರಗಲ್ಲಿನ ಹಾಗೇ ಇರಲಿ ಎಂದವಳು ನಾನು. ಪಾಂಡವಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ. ಲೋಕೇಶನೂ ನನ್ನ ವಿದ್ಯಾರ್ಥಿಯೇ. ಹಳೆಯ ಕಲ್ಲುಗಳಲ್ಲಿ ವೀರನ ಜೊತೆ ಅವನ ಕುದುರೆ ಇರುತ್ತದಲ್ಲ, ಇವನಿಗೆ ಸೈನ್ಯದಲ್ಲಿ ಓಡಿಸುತ್ತಿದ್ದ ಗಾಡಿ ಇರಲಿ ಎಂದೆ.

ಗಾಡಿಯ ಫೋಟೊ ಮನೆಯಲ್ಲಿ ಇರಲಿಲ್ಲ. ಚೈನಿನ ಮೇಲೆ ಓಡುತ್ತದೆ, ಮೇಲೊಂದು ಗನ್ನಿದೆ ಎಂದಷ್ಟೇ ಅವನು ಅವ್ವನಿಗೆ ಹೇಳಿದ್ದ. ಊರು ಅದನ್ನು ಟ್ಯಾಂಕ್ ಎಂದಿತು. ನಾನೂ ಎಂದೆ. ಗಣರಾಜ್ಯೋತ್ಸವದ ಮೆರವಣಿಗೆಯ ಚಿತ್ರವೊಂದನ್ನು ಪತ್ರಿಕೆಯಿಂದ ಕತ್ತರಿಸಿ ಚಿನಕುರಳಿಯ ಕಲ್ಲು ಕೆತ್ತುವ ಚಂದ್ರಶೇಖರಾಚಾರಿಗೆ ಕೊಟ್ಟೆ. ಯಾರನ್ನಾದರೂ ಒಂದು ಮಾತು ಕೇಳಬೇಕು ಎಂದು ನನಗೆ ತೋಚಲೇ ಇಲ್ಲ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ನಾನೂ ಬೋರಮ್ಮನೂ ಆಚಾರಿಯ ಶೆಡ್ಡಿಗೆ ಹೋದೆವು. ಕಿಕ್ಕೇರಿಯ ಶಶಾಂಕ್ ಬೈಕಿನಲ್ಲಿ ಅಲ್ಲಿಗೇ ಬಂದ. ಲೋಕೇಶನ ಗಾಡಿಯಲ್ಲಿದ್ದು ಬದುಕಿ ಬಂದ ಏಳು ಜನರಲ್ಲಿ ಒಬ್ಬ. ಶೂ ಬಿಚ್ಚಿಟ್ಟು ಕಲ್ಲಿನ ಮುಂದೆ ನಿಂತು, ಅದಕ್ಕೆ ಹೊದಿಸಿದ್ದ ಗೋಣಿ ಎತ್ತಿ ಕೆತ್ತನೆ ನೋಡಿ ಮತ್ತೆ ಮುಚ್ಚಿದ. ಆಮೇಲೆ ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋದ.

"ಮೇಡಂ, ಅದು ಟ್ಯಾಂಕು."

"ಹೌದಪ್ಪ."

"ನಮ್ದು ಟ್ಯಾಂಕಲ್ಲ ಮೇಡಂ."

"ಚೈನಿತ್ತಲ್ಲ? ಗನ್ನಿತ್ತಲ್ಲ?"

"ಚೈನು ಮಣ್ ತೋಡೋ ಮಿಶಿನ್ಗೂ ಇರ್ತದೆ." ಹೇಳಿದ ಮೇಲೆ ಒರಟಾಯಿತೇನೋ ಎಂದು ದನಿ ತಗ್ಗಿಸಿದ. "ಟ್ಯಾಂಕಂದ್ರೆ ದಪ್ಪ ಕವಚ, ಉದ್ದ ಫಿರಂಗಿ. ಒಳ್ಗಿರೋ ಮೂರ್ನಾಲ್ಕು ಜನಾನೂ ಅದನ್ನ ನಡ್ಸೋರೇ. ಒಡೆಯೋದೇ ಅದರ ಕೆಲ್ಸ. ನಮ್ದು ಜನ ಒತ್ಕೊಂಡೋಗೋ ಗಾಡಿ. ತೆಳು ಕವಚ, ಸಣ್ ಗನ್ನು. ಇಂದ್ಗಡೆ ನಾವು ಏಳು ಜನ ಕೂರ್ತಿದ್ವಿ. ಇಳಿಯಕ್ಕೆ ಇಂದೆ ಎರಡು ಬಾಗ್ಲು."

ಹೊಳೆ ದಾಟಲು ಇಳಿದಾಗ ನೀರು ಒಮ್ಮೆಗೇ ಏರಿದ್ದು ನನಗೆ ಗೊತ್ತಿತ್ತು. ಮುಂಭಾಗ ಮುಳುಗುತ್ತಿದ್ದಾಗ ಹಿಂಭಾಗ ದಡ ಬಿಡದ ಹಾಗೆ ಲೋಕೇಶ ಗಾಡಿಯನ್ನು ಹಿಡಿದುಕೊಂಡಿದ್ದು, ಏಳು ಜನ ಇಳಿದ ಮೇಲೆ ದಡವೇ ಕುಸಿದು ಗಾಡಿ ಅವನ ಸಮೇತ ಮುಳುಗಿದ್ದು, ಎಲ್ಲ ಗೊತ್ತಿತ್ತು. ಅವರು ಇಳಿದ ಬಾಗಿಲು ಟ್ಯಾಂಕಿಗೆ ಇರುವುದಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಚಾರಿಯನ್ನು ಕರೆದು ಹೇಳಿದೆ. ಅವನು ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಮುಖ ಒರೆಸಿಕೊಂಡ.

"ಫಿರಂಗಿ ಬೇಕಾದ್ರೆ ಈಗ್ಲೇ ಕೆತ್ತಿ ತಗೀತೀನಿ ಮೇಡಮ್ಮಾರೇ. ಇಂದೆ ಜನ ಕೂರೋ ಜಾಗ ಎಲ್ಲಿಂದ ತರ್ಲಿ? ಅಲ್ಲಿದ್ದ ಕಲ್ಲ ನಾನೇ ತಗ್ದು ತಗ್ಗು ಮಾಡಿವ್ನಿ. ಕಲ್ಲು ತಗೀಬೋದು, ಅಂಟ್ಸಕ್ಕಾಗಲ್ಲ."

"ಬೇರೆ ಕಲ್ಲು?"

"ಬೆಳಿಗ್ಗೆ ಎಸ್ರು ಕೊರ್ದು ಅರಿಶಿನ ಇಟ್ಬುಟ್ಟಿವ್ನಿ. ಒಬ್ನ ಎಸ್ರಲ್ಲಿ ಎರಡನೇ ಕಲ್ಲು ಅಂದ್ರೆ ಮನೇಲಿ ಎರಡನೇ ಸಾವು ಅಂತಾರೆ ನಮ್ ಕಡೆ. ಆಯಮ್ಮಂಗೆ ಉಳ್ದಿರೋದು ಒಬ್ಳು ಮಗಳು. ನನ್ ಕೈ ಏಳಲ್ಲ."

ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೂ ಬೋರಮ್ಮನ ಮುಂದೆ ಹೋಗಿ ಅದು ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ.

"ಹೇಳೋದ್ ಬ್ಯಾಡ ಬುಡಿ ಮೇಡಂ," ಎಂದ ಶಶಾಂಕ್. "ಅಮ್ಮಂಗೆ ಗೊತ್ತಾಗಲ್ಲ."

ಬೋರಮ್ಮನಿಗೆ ಕಣ್ಣಿಗೆ ಪೊರೆ ಬಂದಿದೆ. ಕೈಯಲ್ಲೇ ನೋಡುತ್ತಾಳೆ. ನಾವು ಅವಳನ್ನು ಕಲ್ಲಿನ ಹತ್ತಿರ ಕರೆದುಕೊಂಡು ಬಂದೆವು. ಶೆಡ್ಡಿನ ಮುಂದಿನ ಬಿಸಿಲಿಗೆ ಕಾದ ಕಲ್ಲು ಕೈ ಸುಟ್ಟೀತೆಂದು ಆಚಾರಿ ಮೊದಲೇ ಅದಕ್ಕೆ ಒದ್ದೆ ಗೋಣಿ ಹೊದಿಸಿದ್ದ, ಈಗ ಸರಿಸಿದ. ಅವಳು ಮಗನ ಹೆಸರನ್ನು ಸವರಿದಳು, ಫಿರಂಗಿಯ ಉದ್ದಕ್ಕೂ ಬೆರಳಾಡಿಸಿದಳು.

"ಯಪ್ಪಾ, ಏನುದ್ದ! ಮನೇಲಿ ಒಂದ್ ಗೂಟ ನೆಟ್ಟೋನಲ್ಲ ಕಣಪ್ಪ ನನ್ ಮಗ," ಎಂದು ನಕ್ಕಳು. ಆಮೇಲೆ ಕೈ ಚಾಚಿ ಶಶಾಂಕನನ್ನು ಹುಡುಕಿದಳು. "ಬಾ ಮಗ. ನೀನೆಲ್ ಕೂತಿದ್ದೆ? ಎಲ್ಲಿಂದ ಇಳ್ದೆ? ತೋರ್ಸು. ನಾಳೀಕೆ ನಾನು ಅಲ್ಲೇ ಊವ ಇಡ್ತೀನಿ."

ಅವನು ನನ್ನ ಮುಖ ನೋಡಿದ. ನಾನು ಆಚಾರಿಯ ಮುಖ ನೋಡಿದೆ. ಆಚಾರಿ ಉಳಿಗಳನ್ನು ಜೋಡಿಸತೊಡಗಿದ.

"ಯಾಕ್ಲಾ, ಮರ್ತೋಯ್ತಾ?"

"ಮರೀತೀನಾ ಅಮ್ಮ." ಅವನು ಅವಳ ಹತ್ತಿರ ಬಂದ. "ಇದ್ರಲ್ಲಿ ಆ ಜಾಗ ಇಲ್ಲ."

ಆಗ ನಾನು ಹೇಳಿದೆ. ಚಿತ್ರ ಕೊಟ್ಟವಳು ನಾನು, ತಪ್ಪು ನನ್ನದು, ಇದು ಬೇರೆ ಗಾಡಿ, ಇನ್ನು ಸರಿ ಮಾಡಲು ಆಗುವುದಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಓದ್ದೋರ್ಗೇ ಗೊತ್ತಾಗಲ್ಲ ಅಂದ್ರೆ ಇನ್ಯಾರ್ಗೆ ಗೊತ್ತಾದೀತು ಬುಡಿ," ಎಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ತಡೆದು ಕೇಳಿದಳು: "ಇದ್ದಿದ್ರೆ ಎಲ್ಲಿರ್ತಿತ್ತಪ್ಪ?"

ಶಶಾಂಕ್ ಅವಳ ಕೈ ಹಿಡಿದು ಕೆತ್ತನೆಯ ಹಿಂತುದಿಗೆ ಒಯ್ದ. ಗಾಡಿ ಮುಗಿಯಿತು.

"ಇಲ್ಲೇನಾ?"

"ಇನ್ನೊಸಿ ಇಂದಕ್ಕೆ ಅಮ್ಮ."

ಅವಳ ಅಂಗೈ ಆಚಾರಿ ತಗ್ಗು ಮಾಡಿದ್ದ ಬರಿಯ ಕಲ್ಲಿನ ಮೇಲೆ ನಿಂತಿತು. ಉಳಿಯ ಗೀರುಗಳ ಹೊರತು ಅಲ್ಲಿ ಏನೂ ಇರಲಿಲ್ಲ. ಅವಳು ಅದನ್ನೇ ಮತ್ತೆ ಮತ್ತೆ ಸವರುತ್ತಿದ್ದಳು.