ಬಿ ಸಾಲು, ಮೂರನೇ ರ್ಯಾಕು

ಹತ್ತೂಕಾಲಾದರೂ ಹತ್ತು ಗಂಟೆಯ ಮಾತ್ರೆ ಬಂದಿರಲಿಲ್ಲ.

ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದ ಸೊಸೆ, ಉಗುರಿನ ಸಂದಿಯ ಹಿಟ್ಟು ಉಜ್ಜಿ ತೊಳೆಯುತ್ತಿದ್ದಾಗ ಒಳಕೋಣೆಯಿಂದ ಅತ್ತೆಯ ನರಳಾಟ ಕೇಳಿಸಿತು. ಮಾತ್ರೆಯ ಹೊತ್ತು ಸಮೀಪಿಸಿದರೆ ಅತ್ತೆ ಹಲ್ಲು ಕಚ್ಚಿ ಸುಮ್ಮನಿರುವವರು. ಹೊತ್ತು ಮೀರಿದರೆ ಮಾತ್ರ ಬಾಯಿ ಬಿಡುತ್ತಿದ್ದರೇನೋ, ಆದರೆ ಈ ಮೂರು ತಿಂಗಳಲ್ಲಿ ಹೊತ್ತು ಒಮ್ಮೆಯೂ ಮೀರಿರಲಿಲ್ಲ. ಮಾವನ ಉಸ್ತುವಾರಿಯಲ್ಲಿ ಐದು ನಿಮಿಷ ಆಚೆ ಈಚೆ ಆಗುವುದೆಂದರೇನು?

ಹಜಾರಕ್ಕೆ ಬಂದು ನೋಡಿದರೆ ಮಾವ ಸ್ಟೂಲಿನ ಮೇಲೆ ನಿಂತು ಬೀರುವಿನ ತಲೆಯ ಮೇಲೆ ಕೈಯಾಡಿಸುತ್ತಿದ್ದರು. ಎಪ್ಪತ್ತನಾಲ್ಕರ ಮುದುಕ.

"ಮಾವ, ಅತ್ತೆಗೆ ಮಾತ್ರೆ ಕೊಟ್ರಾ?"

"ಕೊಡ್ತೀನಮ್ಮ. ಡಬ್ಬಿ ತೆಗೀತಾ ಇದೀನಿ."

"ಎಲ್ಲಿದೆ ಡಬ್ಬಿ?"

"ಇಲ್ಲೇ ಇದೆ," ಎಂದರು ಮಾವ, ಗೋಡೆಯ ಕಡೆ ನೋಡುತ್ತ.

ಅತ್ತೆಯ ಕ್ಯಾನ್ಸರ್ ಎಲುಬಿಗೆ ಇಳಿದಾಗ ಮನೆಗೆ ಬರುವ ನರ್ಸಮ್ಮ ಮಾರ್ಫಿನ್ ಮಾತ್ರೆ ತಂದುಕೊಟ್ಟು, ಅದನ್ನು ಇಡುವ ಕ್ರಮ ಹೇಳಿದ್ದಳು. ಬೀಗ ಹಾಕಬೇಕು, ಒಣ ಜಾಗದಲ್ಲಿಡಬೇಕು, ಬಿಸಿಲು ಬೀಳಬಾರದು, ಮಕ್ಕಳ ಕೈಗೆ ಸಿಗಬಾರದು, ಒಂದೊಂದು ಮಾತ್ರೆಗೂ ಲೆಕ್ಕವಿರಬೇಕು. ಬೇರೆ ಮನೆಯವರು ಇದನ್ನು ಕೇಳಿ ಬೆವರುತ್ತಿದ್ದರೋ ಏನೋ, ಮಾವನಿಗೆ ಮಾತ್ರ ಕಳೆದುಹೋದ ನೌಕರಿ ಮರಳಿ ಸಿಕ್ಕ ಹಾಗಾಯಿತು. ಮೂವತ್ತನಾಲ್ಕು ವರ್ಷ ಒಂದು ಗೋದಾಮಿನ ಸ್ಟೋರ್ ಕೀಪರ್ ಆಗಿದ್ದು, ಒಂದು ಬೋಲ್ಟು ಕಮ್ಮಿಯಿಲ್ಲದೆ ನಿವೃತ್ತರಾದವರು. ಅವತ್ತು ಸಂಜೆಯೇ ತಗಡಿನ ಡಬ್ಬಿ ಬಂತು, ಬೀಗ ಬಂತು, ಗೆರೆ ಹೊಡೆದ ರಿಜಿಸ್ಟರು ಬಂತು. ಕೀಲಿಕೈ ಅವರ ಕೊರಳಿಗೆ ಹೋಯಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಡಬ್ಬಿ ತೆರೆದು, ಮರುದಿನ ಬೆಳಗಿನ ಆರು ಗಂಟೆಯವರೆಗೆ ನಾಲ್ಕು ಗಂಟೆಗೊಮ್ಮೆ ಕೊಡಲು ಬೇಕಾದಷ್ಟನ್ನು ಪುಟ್ಟ ಸೀಸೆಗೆ ಹಾಕಿಕೊಂಡು, ಉಳಿದದ್ದಕ್ಕೆ ಬೀಗ ಜಡಿಯುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಹಡಿ ಮನೆಯ ಎರಡು ಮಕ್ಕಳು ಆಡುತ್ತ ಆಡುತ್ತ ಇಲ್ಲಿಗೂ ನುಗ್ಗುತ್ತವೆ ಎಂದು ಮಾವ ಪ್ರತಿ ಭಾನುವಾರ ಡಬ್ಬಿಯ ಜಾಗ ಬದಲಿಸುತ್ತಿದ್ದರು. "ಮಾಲು ಒಂದೇ ಕಡೆ ಇದ್ರೆ ನೋಡೋರ ಕಣ್ಣು ಅಲ್ಲೇ ಹೋಗುತ್ತಮ್ಮ," ಎನ್ನುತ್ತಿದ್ದರು. ಎಲ್ಲಿದೆ ಎಂದು ಅವರೊಬ್ಬರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗನಿಗಂತೂ ಗೊತ್ತಿರುವ ಪ್ರಶ್ನೆಯೇ ಇಲ್ಲ. ಅವನು ಲಾರಿ ಚಾಲಕ, ಈಗ ಎರಡು ದಿನದ ದಾರಿಯಾಚೆ ಎಲ್ಲೋ ಇದ್ದ.

ನಿನ್ನೆ ಭಾನುವಾರವಾಗಿತ್ತು.

ಸೊಸೆ ಮಾವನನ್ನು ಕೈಹಿಡಿದು ಕೆಳಗಿಳಿಸಿ ತಾನೇ ಸ್ಟೂಲು ಹತ್ತಿದಳು. ಬೀರುವಿನ ಮೇಲೆ ಹಳೆಯ ಸೂಟ್‌ಕೇಸು, ಅದರೊಳಗೆ ಸ್ವೆಟರುಗಳು. ಮಂಚದ ಅಡಿ, ಹೊಲಿಗೆ ಬಿಟ್ಟ ದಿಂಬುಗಳ ಒಳಗೆ, ಅಡಿಗೆಮನೆಯ ಹಿಟ್ಟಿನ ಡಬ್ಬಗಳ ಹಿಂದೆ, ನೀರಿನ ಮೀಟರಿನ ಗೂಡು, ಎಲ್ಲ ಕಡೆ ನೋಡಿದಳು. ಮಾವ ಅವಳ ಹಿಂದೆಯೇ ಬಂದು, ಅವಳು ನೋಡಿದ ಜಾಗವನ್ನೇ ಮತ್ತೊಮ್ಮೆ ನೋಡುತ್ತಿದ್ದರು.

"ಏನ್ರೀ," ಅತ್ತೆಯ ದನಿ ಬಂತು. "ಏನ್ರೀ, ಆಗ್ತಿಲ್ಲ ಕಣ್ರೀ."

ಸೊಸೆ ಹುಡುಕುವುದನ್ನು ಬಿಟ್ಟು ಓಡಿದಳು. ಒಳಗೆ ಹೋಗಿ ನೋಡಿದರೆ ಅತ್ತೆ ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದರು. ತುಟಿಯಲ್ಲಿ ಹಲ್ಲಿನ ಗುರುತು ಮೂಡಿತ್ತು. ಮಗ್ಗುಲು ಬದಲಿಸಲು ಸೊಸೆ ಕೈ ಹಾಕಿದಳು, ಮುಟ್ಟಿದ ಕೂಡಲೇ ಅತ್ತೆ ಕಿರುಚಿದರು. ಮೂವತ್ತು ಕೆಜಿ ಇದ್ದಾರೋ ಇಲ್ಲವೋ, ಆ ದೇಹದಲ್ಲಿ ಅಷ್ಟು ದೊಡ್ಡ ಕೂಗು ಎಲ್ಲಿತ್ತೋ ದೇವರೇ ಬಲ್ಲ. ಸೊಸೆಗೆ ಮಾವನ ಮೇಲೆ ಕೆಂಡದಂಥ ಸಿಟ್ಟು ಬಂತು.

ಹೊರಗೆ ಬಂದು ನರ್ಸಮ್ಮನಿಗೆ ಫೋನು ಮಾಡಿದಳು.

"ಕಳೆದೋಯ್ತು ಅಂದ್ರೆ ಸುಮ್ನೆ ಕೊಡಕ್ಕಾಗಲ್ಲಮ್ಮ," ನರ್ಸಮ್ಮನ ದನಿ ಕಷ್ಟದಲ್ಲಿತ್ತು. "ಪೊಲೀಸರ ಹತ್ರ ಬರೆಸ್ಕೊಂಡು ಬರ್ಬೇಕು. ಆಮೇಲೂ ಡಾಕ್ಟರ್ ಸಹಿ ಬೇಕು, ಅವರು ಬರೋದು ಗುರುವಾರ. ನನ್ನ ಕೈಲಿ ಒಂದೇ ಒಂದು ಮಾತ್ರೇನೂ ಇಲ್ಲ, ಸತ್ಯವಾಗ್ಲೂ."

"ಇವತ್ತು ಸೋಮವಾರ ಸಿಸ್ಟರ್. ಗುರುವಾರದ ತನಕ ಅವ್ರು ಹೆಂಗಿರ್ತಾರೆ?"

"ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತೀನಿ, ಆದ್ರೆ ಆ ಬೆನ್ನೆಲುಬಲ್ಲಿ ಅವರನ್ನ ಎತ್ತಿ ಗಾಡೀಲಿ ಹಾಕೋದು..." ನರ್ಸಮ್ಮ ಮಾತು ಪೂರ್ತಿ ಮಾಡಲಿಲ್ಲ. "ಮೊದ್ಲು ಹುಡುಕಿ. ಮನೆಯಲ್ಲೇ ಇರತ್ತೆ."

ಫೋನು ಇಟ್ಟಾಗ ಸೊಸೆಗೆ ರಿಜಿಸ್ಟರಿನ ನೆನಪಾಯಿತು. ಎಲ್ಲವನ್ನೂ ಬರೆದಿಡುವ ಮನುಷ್ಯ ಜಾಗವನ್ನು ಬರೆಯದೆ ಬಿಟ್ಟಾರೆಯೇ? ಇಷ್ಟು ಹೊತ್ತು ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

"ಮಾವ, ರಿಜಿಸ್ಟರ್ ತೆಗೀರಿ. ಜಾಗ ಬರ್ದಿರ್ತೀರಲ್ಲ?"

ಮಾವನ ಮುಖ ಬೆಳಗಿತು. "ಬರ್ದಿರ್ತೀನಮ್ಮ. ಬರೀದೆ ಏನೂ ಇಡಲ್ಲ ನಾನು."

ಮೇಜಿನ ಖಾನೆಯಿಂದ ರಿಜಿಸ್ಟರು ತೆಗೆದು ಕನ್ನಡಕ ಏರಿಸಿಕೊಂಡರು. ಕೊನೆಯ ಕಾಲಮ್ಮಿನಲ್ಲಿ ವಾರವಾರವೂ ಜಾಗವಿತ್ತು. ಬೀರು, ಕೆಳಗಿನ ಖಾನೆ. ದೇವರ ಗೂಡಿನ ಹಿಂದೆ. ಹೊಲಿಗೆ ಯಂತ್ರದ ಪೆಟ್ಟಿಗೆ. ಮುತ್ತು ಪೋಣಿಸಿದಂಥ ಅಕ್ಷರ. ನಿನ್ನೆಯ ತಾರೀಖಿನ ಮುಂದೆ ಬೆರಳಿಟ್ಟು ಮಾವ ಗಟ್ಟಿಯಾಗಿ ಓದಿದರು.

"ಬಿ ಸಾಲು, ಮೂರನೇ ರ್ಯಾಕು, ಮೇಲಿನ ಖಾನೆ."

"ಅಂದ್ರೆ ಎಲ್ಲಿ?"

"ಬಿ ಸಾಲು ಕಣಮ್ಮ. ದೊಡ್ಡ ಬಾಗಿಲಿಂದ ಒಳಗೆ ಬಂದ್ರೆ ಎಡಗಡೆ ಎರಡನೇದು..." ಎನ್ನುತ್ತ ಎಡಗೈ ಚಾಚಿದರು. ಎಡಗಡೆ ಟಿವಿ ಇತ್ತು, ಅದರಾಚೆ ಮಗನ ಮದುವೆಯ ಫೋಟೋ ತೂಗುಹಾಕಿದ ಗೋಡೆ. ಚಾಚಿದ ಕೈ ಹಾಗೇ ನಿಂತುಬಿಟ್ಟಿತು.

ಅವರಿಗೆ ಅರ್ಥವಾದದ್ದು ಸೊಸೆಗೆ ಕಂಡಿತು. ತುಂಬಿದ ಬಸ್ಸಿನಲ್ಲಿ ಜೇಬು ಮುಟ್ಟಿ ನೋಡಿಕೊಂಡವರ ಮುಖದ ಹಾಗೆ ಮುಖ ಬಿಳಿಚಿತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅದೇ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದರು. ಅಕ್ಷರ ಬದಲಾಗಲಿಲ್ಲ. ಗೋದಾಮು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು.

"ನಿನ್ನೆ ಮಧ್ಯಾಹ್ನ ಚೀಲ ತಗೊಂಡು ವಾಕಿಂಗ್ ಹೋಗಿದ್ರಲ್ಲ," ಎಂದಳು ಸೊಸೆ ಮೆಲ್ಲಗೆ. ಎರಡು ನಿಮಿಷದ ಹಿಂದಿನ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅದರ ಜಾಗಕ್ಕೆ ಬಂದ ಭಯ ಇನ್ನೂ ಕೆಟ್ಟದಾಗಿತ್ತು. "ಎಲ್ಲಿಗೆ ಹೋಗಿದ್ರಿ ಮಾವ?"

ಮಾವ ಚಪ್ಪಲಿ ಹುಡುಕತೊಡಗಿದರು.

ಪಕ್ಕದ ಮನೆಯ ಟೈಲರಮ್ಮ ಅಳತೆ ಟೇಪು ಕೊರಳಲ್ಲಿದ್ದಂತೆಯೇ ಓಡಿಬಂದು ಅತ್ತೆಯ ಬಳಿ ಕೂತಳು. ಟ್ಯಾಕ್ಸಿ ಸಿಕ್ಕಾಗ ಹನ್ನೊಂದಾಗಿತ್ತು. ಹೊರಡುವಾಗ ಅತ್ತೆ ಕೂಗುತ್ತಿರಲಿಲ್ಲ, ಒಂದೇ ಸಮನೆ "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ಅರವತ್ತೆಂಟು ವರ್ಷದ ಹೆಂಗಸು, ಅವರಮ್ಮ ಸತ್ತು ಯಾವ ಕಾಲವಾಯಿತು.

ಟ್ಯಾಕ್ಸಿಯಲ್ಲಿ ಮಾವ ಸೀಟಿನ ಅಂಚಿಗೆ ಕೂತು ಸಿಗ್ನಲ್ಲುಗಳನ್ನು ದಿಟ್ಟಿಸುತ್ತಿದ್ದರು. ಮೂರನೇ ಸಿಗ್ನಲ್ಲಿನಲ್ಲಿ ಮಾತ್ರ ಒಂದು ಮಾತಾಡಿದರು.

"ಅವಳಿಗೆ ಹೇಳ್ಬೇಡಮ್ಮ."

"ಏನ್ ಹೇಳ್ಬಾರ್ದು ಮಾವ?"

"ಎಲ್ಲಿಟ್ಟಿದ್ದೆ ಅಂತ."

ಗೋದಾಮು ಈಗ ಟಯರಿನ ಅಂಗಡಿಯಾಗಿತ್ತು. ದೊಡ್ಡ ಬಾಗಿಲು ಅದೇ, ಕಬ್ಬಿಣದ ರ್ಯಾಕುಗಳೂ ಅವೇ. ಹಸಿರು ಬಣ್ಣ ಬಳಿದಿದ್ದರು ಅಷ್ಟೆ. ಮಾವ ಯಾರನ್ನೂ ಕೇಳದೆ ಎಡಕ್ಕೆ ತಿರುಗಿ, ಎರಡನೇ ಸಾಲು ಹೊಕ್ಕು, ಮೂರನೇ ರ್ಯಾಕಿನ ಮುಂದೆ ನಿಂತು ಕತ್ತೆತ್ತಿದರು. ಸೊಸೆಯೂ ಕತ್ತೆತ್ತಿದಳು. ಒಣ ಜಾಗ, ಬಿಸಿಲು ಬೀಳುವುದಿಲ್ಲ, ಯಾವ ಮಗುವಿನ ಕೈಯೂ ಎಟುಕುವುದಿಲ್ಲ. ನರ್ಸಮ್ಮ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಮೇಲಿನ ಖಾನೆ ಖಾಲಿಯಿತ್ತು.

ಮಾವ ರ್ಯಾಕಿನ ಕಂಬ ಹಿಡಿದುಕೊಂಡರು. "ಇಲ್ಲೇ ಇಟ್ಟಿದ್ದೆ," ಎಂದರು. ಮತ್ತೆ, "ಇಟ್ಟಿದ್ನಾ?" ಎಂದು ಸೊಸೆಯನ್ನೇ ಕೇಳಿದರು.

"ಓ, ಸಾಹೇಬ್ರು ಮತ್ತೆ ಬಂದ್ರಾ?" ಟಯರಿನ ಮಸಿ ಬಳಿದುಕೊಂಡ ಅಂಗಡಿಯವನು ಸಾಲಿನ ತುದಿಯಲ್ಲಿ ನಿಂತಿದ್ದ. ಸೊಸೆಯ ಕಡೆ ತಿರುಗಿ, "ನಿನ್ನೆ ಬಂದು ಸೀದಾ ಏಣಿ ತಗೊಂಬಾ ಅಂದ್ರು. ದಾರೀಲಿ ಯಾಕೆ ಮಾಲು ಇಟ್ಟಿದೀಯ ಅಂತ ನಂಗೆ ಚೆನ್ನಾಗಿ ಮಂಗಳಾರತಿ ಮಾಡಿದ್ರು. ತಪಾಸಣೆಗೆ ಬಂದಿರೋ ದೊಡ್ಡ ಆಫೀಸರು ಅಂತ ನಾನೂ ಗಲ್ಲಾದ ಹತ್ರಾನೇ ಕೈಕಟ್ಟಿ ನಿಂತಿದ್ದೆ, ಮೇಲೆ ಏನ್ ಮಾಡಿದ್ರೋ ನೋಡ್ಲಿಲ್ಲ," ಎಂದು ನಕ್ಕ.

ಸೊಸೆ ನಗಲಿಲ್ಲ. "ಅಣ್ಣಾ, ಇಲ್ಲೊಂದು ತಗಡಿನ ಡಬ್ಬಿ ಇತ್ತು. ನಮ್ಮತ್ತೆ ಔಷಧಿ. ಅವ್ರು ಅಲ್ಲಿ ನೋವು ತಡೀಲಾರ್ದೆ ಒದ್ದಾಡ್ತಾ ಇದಾರೆ."

ಅವನ ನಗು ಮಾಯವಾಯಿತು. ಬೆಳಿಗ್ಗೆ ಆ ಖಾನೆಯ ಟಯರು ಲಾರಿಗೆ ತುಂಬುವಾಗ ಡಬ್ಬಿ ಸಿಕ್ಕಿತ್ತಂತೆ. ಕೆಲಸದವರು ಗುಜರಿಗೆ ಎಸೆಯಲು ಹೊರಟಿದ್ದರಂತೆ. ಬೀಗ ಹಾಕಿದ್ದು ಕಂಡು ಇವನೇ ತೆಗೆದಿಟ್ಟಿದ್ದ. ಮೇಜಿನ ಕೆಳಗಿಂದ ಡಬ್ಬಿ ತಂದು ಗಲ್ಲಾದ ಮೇಲಿಟ್ಟ, ಆದರೆ ಕೈ ತೆಗೆಯಲಿಲ್ಲ.

"ತಪ್ಪು ತಿಳೀಬೇಡಿ. ನಿಮ್ದೇ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಸರಿಯಾಗೇ ಕೇಳ್ದೆ ಕಣಪ್ಪ," ಎಂದರು ಮಾವ. ಅಂಥ ಹೊತ್ತಿನಲ್ಲೂ ಅವನ ಶಿಸ್ತು ಅವರಿಗೆ ಹಿಡಿಸಿತ್ತು. ಕೊರಳಿನ ದಾರ ಎಳೆದು ಕೀಲಿಕೈ ತೆಗೆದರು. ಬೀಗದ ತೂತಿಗೆ ಹಿಡಿದರು. ಕೀಲಿ ತಪ್ಪಿ ತಗಡನ್ನು ಗೀರಿತು. ಮತ್ತೊಮ್ಮೆ ಹಿಡಿದರು, ಮತ್ತೆ ತಪ್ಪಿತು. ಮೂರನೇ ಸಲ ಪ್ರಯತ್ನಿಸಲಿಲ್ಲ. ದಾರವನ್ನು ತಲೆಯ ಮೇಲಿಂದ ತೆಗೆದು ಸೊಸೆಯ ಕೈಗೆ ಕೊಟ್ಟರು.

ಅವಳು ತೆರೆದಳು. ಮಾತ್ರೆ ಪಟ್ಟಿಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿದ್ದವು.

"ನಲವತ್ತೊಂದಿರ್ಬೇಕು," ಎಂದರು ಮಾವ.

ಹಿಂದಿರುಗುವ ದಾರಿಯಲ್ಲಿ ಅವಳು ಎಣಿಸಿದಳು. ನಲವತ್ತೊಂದೇ ಇದ್ದವು. ಹಾಗೆಂದು ಹೇಳಿದಳು. ಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು, ಅವರ ಭುಜ ಅಲುಗುತ್ತಿತ್ತು. ಕೀಲಿಕೈ ಅವಳ ಮುಷ್ಟಿಯಲ್ಲಿತ್ತು. ಮರಳಿ ಕೊಡಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದಳು. ಮೂರು ತಿಂಗಳಿಂದ ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಓಡಾಡುತ್ತಿದ್ದದ್ದೇ ಈ ಚೂರು ಕಬ್ಬಿಣದ ಬಲದಿಂದ. ಕೊಡಲಿಲ್ಲ. ಅವರೂ ಕೇಳಲಿಲ್ಲ.

ಹನ್ನೆರಡಕ್ಕೆ ಮಾತ್ರೆ ಅತ್ತೆಯ ಬಾಯಿ ಸೇರಿತು. ಅದು ಹತ್ತಲು ಅರ್ಧ ಗಂಟೆಗೂ ಹೆಚ್ಚು ಬೇಕು. ಆ ಅರ್ಧ ಗಂಟೆ ಹೇಗೆ ಕಳೆಯಿತೆಂದು ಆಮೇಲೆ ಟೈಲರಮ್ಮನಾಗಲಿ ಸೊಸೆಯಾಗಲಿ ಯಾರಿಗೂ ಹೇಳಲಿಲ್ಲ. ಕೊನೆಗೆ ಅತ್ತೆಯ ಬೆರಳುಗಳು ಮಂಚದ ಸರಳನ್ನು ಒಂದೊಂದಾಗಿ ಬಿಟ್ಟವು. ಕಣ್ಣು ತೆರೆದು ಗಂಡನನ್ನು ನೋಡಿದರು.

"ಎಲ್ಲಿ ಹೋಗಿದ್ರಿ?"

ಮಾವ ನೆಲ ನೋಡಿದರು.

"ಅಂಗಡೀಲಿ ಸ್ಟಾಕ್ ಇರ್ಲಿಲ್ಲ ಅತ್ತೆ," ಎಂದಳು ಸೊಸೆ. "ದೂರದ ಅಂಗಡಿಗೆ ಹೋಗ್ಬೇಕಾಯ್ತು."

ಅತ್ತೆ ಸೊಸೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಕೈ ಸರಿಸಿ ಗಂಡನ ಮೊಣಕೈ ಮುಟ್ಟಿ, "ಬಿಸಿಲಲ್ಲಿ ಸುತ್ತಾಡಿ ಬಂದಿದೀರಿ, ನೀರು ಕುಡೀರಿ," ಎಂದು ಕಣ್ಣು ಮುಚ್ಚಿದರು.

ಸೊಸೆ ಡಬ್ಬಿಯನ್ನು ಅಡಿಗೆಮನೆಯ ಗೋಡೆಗೂಡಿನಲ್ಲಿಟ್ಟು ಬೀಗ ಹಾಕಿದಳು. ಅವತ್ತು ಮಾವ ಊಟಕ್ಕೂ ಏಳಲಿಲ್ಲ. ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ಸ್ಕೇಲು ಹಿಡಿದು ಗೆರೆ ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಪಾತ್ರೆ ಒರೆಸುತ್ತಿದ್ದ ಸೊಸೆ ತಿರುಗಿದರೆ, ಮಾವ ಅಡಿಗೆಮನೆಯ ಹೊಸ್ತಿಲಿನ ಹೊರಗೆ ನಿಂತಿದ್ದರು. ಒಳಗೆ ಕಾಲಿಡಲಿಲ್ಲ. ಗೋದಾಮಿನ ಕಿಟಕಿಯ ಮುಂದೆ ಮಾಲು ಬೇಡಲು ಬಂದವರು ನಿಲ್ಲುವ ಹಾಗೆ, ತುಸು ಬಾಗಿ, ಒಂದು ಚೀಟಿ ಮುಂದೆ ಹಿಡಿದರು.

ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಮಾತ್ರೆ, ಒಂದು. ಯಾರಿಗೆ: ನನ್ನ ಹೆಂಡತಿಗೆ. ಯಾತಕ್ಕೆ: ನೋವಿಗೆ. ಕೆಳಗೆ ಅವರ ಸಹಿ, ಅದರ ಪಕ್ಕದಲ್ಲಿ ಕೊಡುವವರ ಸಹಿಗೆ ಖಾಲಿ ಜಾಗ.

"ಮಾವ, ಇದೆಲ್ಲ ಯಾಕೆ..."

"ಸಹಿ ಹಾಕ್ದೆ ಕೊಡ್ಬೇಡಮ್ಮ," ಎಂದು ಪೆನ್ನು ಚಾಚಿದರು. "ನಾನೇ ಬಂದು ಕೇಳಿದ್ರೂ ಕೊಡ್ಬೇಡ. ಹೊತ್ತು ನೋಡು, ಆಮೇಲೆ ಕೊಡು."

ಒಳಕೋಣೆಯಿಂದ ಅತ್ತೆ ಕೂಗಿದರು. "ಏನ್ರೀ, ಎಲ್ಲಿದ್ದೀರಿ?"

"ಕ್ಯೂನಲ್ಲಿದೀನಿ ಕಣೇ," ಎಂದರು ಮಾವ. "ಬಂದೆ."

ಸೊಸೆ ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದಳು. ಅವರು ಬಲ ಅಂಗೈಯನ್ನು ಬಟ್ಟಲು ಮಾಡಿ, ಬಿದ್ದೀತೆಂದು ಅದರ ಅಡಿಗೆ ಎಡಗೈಯನ್ನೂ ಒಡ್ಡಿ, ಗಡಿಯಾರ ನಾಲ್ಕು ಹೊಡೆಯುವುದನ್ನೇ ಕಾಯುತ್ತ ನಿಂತರು.