ಏಳು ನಂಬರಿನ ಭಾವ

ಭಾವ ಹೊಡೆದ ಚೆಂಡು ಪೂಲ್ ಮೇಜಿನ ದೂರದ ಮೂಲೆಯ ಪಾಕೆಟ್ಟಿನ ತೂತಿಗಿಂತ ನಾಲ್ಕು ಬೆರಳು ಆಚೆ ಬಡಿದು ವಾಪಸು ಬಂತು. ಟೈಲರ್ ಆ ಚೆಂಡನ್ನು ನೋಡಲೇ ಇಲ್ಲ. ಅವನ ಕಣ್ಣು, ಕೋಲಿನ ಪೆಟ್ಟು ತಿಂದು ಉಳಿದ ಚೆಂಡುಗಳಿಗೆ ಬಡಿಯುವ ಬಿಳಿ ಚೆಂಡಿನ ಬೆನ್ನು ಹತ್ತಿತ್ತು. ಅದು ಯಾವ ಅವಸರವೂ ಇಲ್ಲದೆ ಉರುಳಿ, ಅಂಚಿಗೆ ಅಂಟಿಕೊಂಡಿದ್ದ ಎರಡು ಚೆಂಡುಗಳ ಹಿಂದೆ ಹೋಗಿ ಅಡಗಿ ನಿಂತಿತು. ಎದುರಾಳಿ ಪೋಸ್ಟ್‌ಮ್ಯಾನ್ ಮೇಜನ್ನು ಒಂದು ಸುತ್ತು ಹಾಕಿದ. ಅವನಿಗೆ ಹೊಡೆಯಲು ಏನೂ ಉಳಿದಿರಲಿಲ್ಲ.

"ಥೂ, ತಪ್ಪೋಯ್ತಲ್ಲ!" ಎಂದು ಭಾವ ತೊಡೆ ತಟ್ಟಿಕೊಂಡರು.

ಟೈಲರ್ ಮನಸ್ಸಿನಲ್ಲೇ ಎಣಿಸಿದ. ಇದು ಈ ಮಧ್ಯಾಹ್ನದ ಐದನೆಯ ಸಲ.

ಟೈರ್ ಅಂಗಡಿಯ ಮೇಲಿನ ಈ ಪೂಲ್ ಕ್ಲಬ್ಬಿನಲ್ಲಿ ಆಟಗಾರರಿಗೆಲ್ಲ ನಂಬರು ಕೊಡುವವನು ಅವನೇ. ದಿನವಿಡೀ ಊರವರ ಅಳತೆ ತೆಗೆಯುವವನಿಗೆ ಇದೂ ಒಂದು ಅಳತೆ ಎಂದು ಯಾರೋ ತಮಾಷೆಗೆ ವಹಿಸಿದ ಕೆಲಸ ಹದಿನೈದು ವರ್ಷದಿಂದ ಕೊರಳಿಗೆ ಬಿದ್ದಿತ್ತು. ಲೆಕ್ಕ ಸುಲಭ. ಏಳು ನಂಬರಿನವನು ಪಂದ್ಯ ಗೆಲ್ಲಬೇಕಾದರೆ ಏಳು ಆಟ ಗೆಲ್ಲಬೇಕು, ಮೂರು ನಂಬರಿನವನಿಗೆ ಮೂರೇ ಸಾಕು. ನಂಬರು ಸರಿಯಿದ್ದರೆ ಪಳಗಿದವನಿಗೂ ಹೊಸಬನಿಗೂ ಕೊನೆಯ ಆಟದವರೆಗೆ ಒಂದೇ ಸಮನೆ ಎದೆ ಹೊಡೆದುಕೊಳ್ಳಬೇಕು. ಇಡೀ ಕ್ಲಬ್ಬಿನಲ್ಲಿ ಏಳು ನಂಬರಿನವರು ಒಬ್ಬರೇ, ಟೈಲರನ ಅಕ್ಕನ ಗಂಡ, ಈ ಭಾವ. ಬಸ್ ಡ್ರೈವರು. ಎಲ್ಲರೂ ಅವರನ್ನು ಗುರಿಕಾರ ಎಂದೇ ಕರೆಯುತ್ತಿದ್ದರು.

ಆ ಗುರಿಕಾರರು ಮೂರು ತಿಂಗಳಿಂದ ಕಂಡಕಂಡವರಿಗೆಲ್ಲ ಸೋಲುತ್ತಿದ್ದರು. ವಾರ್ಷಿಕ ಕಪ್ ಪಂದ್ಯಾವಳಿಯ ನಂಬರುಗಳ ಪಟ್ಟಿ ಇವತ್ತು ಸಂಜೆ ಐದಕ್ಕೆ ಬೋರ್ಡಿನ ಮೇಲೆ ಬರಬೇಕು. ಬೇಕೆಂದೇ ಸೋತು ನಂಬರು ಇಳಿಸಿಕೊಂಡು ಕಪ್ ಹೊಡೆಯುವ ಕಳ್ಳಾಟ ಟೈಲರನಿಗೆ ಹೊಸದಲ್ಲ. ಹಿಡಿಯುವ ಉಪಾಯವೂ ಅವನದೇ. ಆಡಲು ಬಾರದವನು ಗುರಿ ತಪ್ಪಿದರೆ ಬಿಳಿ ಚೆಂಡು ದಿಕ್ಕಾಪಾಲಾಗಿ ಎಲ್ಲೋ ನಿಂತು ಎದುರಾಳಿಗೆ ಹಬ್ಬವಾಗುತ್ತದೆ. ಬೇಕೆಂದೇ ತಪ್ಪಿಸುವವನ ಬಿಳಿ ಚೆಂಡು ಮಾತ್ರ ಜಾಣನಂತೆ ಹೋಗಿ ಬಚ್ಚಿಟ್ಟುಕೊಳ್ಳುತ್ತದೆ. ಈ ಉಪಾಯದಿಂದ ಇಬ್ಬರನ್ನು ಒಂದೊಂದು ವರ್ಷ ಹೊರಗಿಟ್ಟಿದ್ದ. ಮೂರನೆಯವರು ಸ್ವಂತ ಭಾವನೇ ಆಗಬೇಕೆ? ಅಕ್ಕನ ಮುಖ ಹೇಗೆ ನೋಡುವುದು?

ಫ್ಯಾನಿನ ಕೆಳಗೆ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ ಡಿಪೋ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಭಾವನಿಗೆ ಡಿಪೋದಲ್ಲಿ ಅವರೇ ಸಾಹೇಬರು, ಇಲ್ಲಿ ಕ್ಲಬ್ಬಿಗೆ ಅಧ್ಯಕ್ಷರು. "ನೋಡಿದ್ರಾ ಟೈಲರ್ರೇ? ನಿಮ್ಮ ಬಿಳಿ ಚೆಂಡಿನ ಶಾಸ್ತ್ರ ಈಗ ಏನನ್ನುತ್ತೆ?"

"ಇನ್ನೊಂದು ಆಟ ನೋಡೋಣ ಸಾರ್," ಎಂದ ಟೈಲರ್. ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು.

ಪೋಸ್ಟ್‌ಮ್ಯಾನ್ ನೀರು ಕುಡಿಯಲು ಹೋದಾಗ ಟೈಲರ್ ಭಾವನ ಪಕ್ಕಕ್ಕೆ ಬಂದು ಮೆತ್ತಗೆ ಒಂದು ಗಾಳ ಬಿಟ್ಟ. "ಭಾವ, ನಿಮ್ಮ ನಂಬರನ್ನ ಐದಕ್ಕೆ ಇಳಿಸೋಣ ಅಂತಿದೀನಿ."

ಕಳ್ಳನಾದರೆ ಒಳಗೊಳಗೇ ಹಿಗ್ಗಬೇಕಿತ್ತು. ಭಾವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

"ಬೇಡ! ಏಳೇ ಇರ್ಲಿ. ನಾನೇನು ಮುದುಕನಾದ್ನೇನೋ? ಬೇಕಾದ್ರೆ ಎಂಟು ಮಾಡು."

ಟೈಲರ್ ತಲೆ ಕೆರೆದುಕೊಂಡ. ನಂಬರು ಇಳಿಯುವುದು ಬೇಡವಾದರೆ ಈ ನಾಟಕವೆಲ್ಲ ಯಾತಕ್ಕೆ? ಮತ್ತೆ ಆಟ ಶುರುವಾಯಿತು. ಈಗ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಮೊಳದುದ್ದದ ಹೊಡೆತಗಳನ್ನು ಭಾವ ಹೂ ಬಿಡಿಸಿದಷ್ಟು ಸಲೀಸಾಗಿ ಹಾಕುತ್ತಿದ್ದರು. ತಪ್ಪುತ್ತಿದ್ದದ್ದು ದೂರದವು ಮಾತ್ರ.

"ಎಷ್ಟಾಯ್ತೋ?" ಎಂದು ಭಾವ ಗಟ್ಟಿಯಾಗಿ ಕೇಳಿದರು. ಬೋರ್ಡು ಅವರ ಎದುರಿಗಿನ ಗೋಡೆಯಲ್ಲೇ ಇತ್ತು. ಈಚೆಗೆ ಅವರು ಹೀಗೆ ಕೇಳುವುದು ದೊಡ್ಡಸ್ತಿಕೆ ಎಂದೇ ಟೈಲರ್ ಇದುವರೆಗೆ ಅಂದುಕೊಂಡಿದ್ದ.

"ಬೋರ್ಡ್ ಮೇಲೇ ಇದೆಯಲ್ಲ ಭಾವ," ಎನ್ನುತ್ತ ಅವನು ಸೀಮೆಸುಣ್ಣ ತೆಗೆದುಕೊಂಡ. ಭಾವನ ನಾಲ್ಕನ್ನು ಒರೆಸಿ ಎರಡು ಮಾಡಿದ, ಪೋಸ್ಟ್‌ಮ್ಯಾನನ ಎರಡನ್ನು ಮೂರು ಮಾಡಿದ. ಪೋಸ್ಟ್‌ಮ್ಯಾನ್ ಬಾಯಿ ತೆರೆದವನು ಟೈಲರನ ಸನ್ನೆ ಕಂಡು ಮುಚ್ಚಿಕೊಂಡ.

ಭಾವ ಕೋಲಿನ ತುದಿಗೆ ನೀಲಿ ಚಾಕ್ ಉಜ್ಜುತ್ತ ಬೋರ್ಡನ್ನೇ ನೆಟ್ಟಗೆ ನೋಡಿದರು. ಹಿಂದೊಮ್ಮೆ ಒಂದೇ ಒಂದು ಆಟದ ಲೆಕ್ಕ ತಪ್ಪಿತೆಂದು ವಾರವಿಡೀ ಟೈಲರನ ಜೊತೆ ಮಾತು ಬಿಟ್ಟಿದ್ದ ಮನುಷ್ಯ.

"ಹ್ಞಾಂ, ಸರಿ ಸರಿ," ಎಂದು ಮೇಜಿಗೆ ಬಾಗಿದರು.

ಟೈಲರ್ ಅವರನ್ನು ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಎಷ್ಟು ದಿನದಿಂದ?"

"ಯಾವುದು?"

"ಭಾವ."

ಭಾವ ಗೋಡೆಗೆ ಒರಗಿದರು. "ಮಳೆಗಾಲ ಮುಗಿದಾಗಿಂದ. ದೂರದ್ದೆಲ್ಲ ಹೊಗೆ ಮುಸುಕಿದ ಹಾಗೆ. ಪಾಕೆಟ್ ಕಾಣಲ್ಲ ಕಣೋ. ಬಿಳಿ ಚೆಂಡು ಕಾಣುತ್ತೆ. ಅದನ್ನಾದ್ರೂ ಬಚ್ಚಿಟ್ಟು ಮಾನ ಉಳಿಸ್ಕೋತೀನಿ."

"ಅಕ್ಕನಿಗೆ ಗೊತ್ತಾ?"

"ನಿಮ್ಮಕ್ಕನಿಗೆ ಹೇಳಿದ್ರೆ ಬಸ್ಸಿಗೆ ಅಡ್ಡ ಮಲಗ್ತಾಳೆ." ನಗಲು ಹೋದರು, ಬರಲಿಲ್ಲ. "ರಸ್ತೆ ನಂಗೆ ಬಾಯಿಪಾಠ. ಯಾವ ಗುಂಡಿ ಎಲ್ಲಿದೆ ಅಂತ ಕೈಗೇ ಗೊತ್ತು."

"ಗುಂಡಿ ಇದ್ದಲ್ಲೇ ಇರುತ್ತೆ ಭಾವ. ಮಕ್ಕಳು ಇರ್ತಾರಾ?"

ಭಾವ ಮೆಟ್ಟಿಲ ಕೆಳಗೆ ನೋಡಿದರು. "ಮೊನ್ನೆ ಒಂದು ಸೈಕಲ್ಲು," ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಟೈಲರನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ತುದಿ ಹಿಡಿದುಕೊಂಡರು. "ಏನೂ ಆಗ್ಲಿಲ್ಲ. ಹುಡುಗಿ ಪಕ್ಕಕ್ಕೆ ಹಾರಿಕೊಂಡ್ಳು. ಏಳೇ ಬರೆಯೋ. ಸ್ಟೀರಿಂಗ್ ಬಿಟ್ರೆ ನಾನ್ಯಾರು ಹೇಳು? ಗೇಟಲ್ಲಿ ಕೂತು ಬಸ್ ಎಣಿಸೋನು. ಕೈ ಮುಗೀತೀನಿ."

ಏಳು ಬರೆಯುವುದು ಎಷ್ಟು ಸುಲಭವಿತ್ತು! ನಂಬರು ಇಳಿಯದಿದ್ದರೆ ಮೋಸದ ಮಾತೇ ಇಲ್ಲ, ಎಲ್ಲರ ಬಾಯಿಗೂ ಬೀಗ. ಭಾವ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗುತ್ತಾರೆ, ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುತ್ತಾರೆ. ಶಾಲೆಯ ಮಕ್ಕಳು ತುಂಬಿದ ಮೊದಲ ಬಸ್ಸು. ಇಳಿಸಿದರೆ ಮಾತ್ರ ತೊಡಕು. ಒಂದಕ್ಕಿಂತ ಹೆಚ್ಚು ಇಳಿಸಿದರೆ ಕ್ಲಬ್ಬಿನ ನೋಟ್‌ಬುಕ್ಕಿನಲ್ಲಿ ಕಾರಣ ಬರೆಯಬೇಕು, ಮ್ಯಾನೇಜರ್ ಅದನ್ನು ಓದುತ್ತಾರೆ. ಆ ನಿಯಮ ಮಾಡಿದವನೂ ತಾನೇ. ಟೈಲರನಿಗೆ ಅಳುವೇ ಬಂದುಬಿಟ್ಟಿತು. ಅದನ್ನು ನುಂಗಿಕೊಂಡು, ಟೇಪಿನ ತುದಿಯನ್ನು ಭಾವನ ಬೆರಳುಗಳಿಂದ ಬಿಡಿಸಿಕೊಂಡ.

ಐದಕ್ಕೆ ಅವನು ಬೋರ್ಡಿನ ಮೇಲೆ ಪಟ್ಟಿ ಬರೆದ. ಪೋಸ್ಟ್‌ಮ್ಯಾನ್, ನಾಲ್ಕು. ತಾನು, ಐದು. ಕೊನೆಗೆ ಗುರಿಕಾರ ಎಂದು ಬರೆದು ಸ್ವಲ್ಪ ಹೊತ್ತು ನಿಂತ. ನಂತರ ಮೂರು ಎಂಬ ಅಂಕಿಯನ್ನು ಗೇಣುದ್ದ ಬರೆದ, ಕೋಣೆಯ ಆ ತುದಿಗೂ ಕಾಣುವಷ್ಟು ದೊಡ್ಡದಾಗಿ.

ಗುಸುಗುಸು ಎದ್ದಿತು. ಮ್ಯಾನೇಜರ್ ಕುರ್ಚಿ ಬಿಟ್ಟು ಎದ್ದರು. "ಏಳರಿಂದ ಮೂರಾ? ಇದೇನ್ರೀ, ಭಾವ ಅಂತ ನಾಲ್ಕು ನಂಬರ್ ಉಡುಗೊರೆನಾ? ಕಾರಣ ಬರೀರಿ ಮತ್ತೆ, ನಾವೂ ಓದ್ತೀವಿ."

ಟೈಲರ್ ಗೋಡೆಯ ಮೊಳೆಯಿಂದ ನೋಟ್‌ಬುಕ್ ತೆಗೆದು ಬಿಡಿಸಿದ. ಪೆನ್ನು ಕಾಗದದ ಮೇಲೆ ನಿಂತಿತು, ಚಲಿಸಲಿಲ್ಲ. ಕೋಣೆಯ ಆ ತುದಿಯಲ್ಲಿ ಭಾವ ಬೋರ್ಡನ್ನೇ ನೋಡುತ್ತಿದ್ದರು. ಈ ಸಲ ಅವರಿಗೆ ಕಾಣಿಸಿತ್ತು.

ಅವರು ಕೋಲನ್ನು ಮೇಜಿನ ಮೇಲಿಟ್ಟು ಬಂದರು. "ಕೊಡಪ್ಪಾ ಇಲ್ಲಿ. ಅದು ನೀನು ಬರೆಯೋದಲ್ಲ."

ನೋಟ್‌ಬುಕ್ಕನ್ನು ಎಡಗೈಯಲ್ಲಿ ಹಿಡಿದು ಎತ್ತಿದರು. ಗೆರೆ ಸಿಗಲಿಲ್ಲವೇನೋ, ಇನ್ನಷ್ಟು ಹತ್ತಿರ ತಂದರು. ಮೀಸೆ ಕಾಗದಕ್ಕೆ ತಾಗುವವರೆಗೆ ತಂದು ನಿಧಾನವಾಗಿ ಬರೆಯತೊಡಗಿದರು. ಮ್ಯಾನೇಜರ್ ಅದನ್ನೇ ನೋಡುತ್ತ ನಿಂತರು. ಗಾಳಿ ಹಾಕಿಕೊಳ್ಳುತ್ತಿದ್ದ ಪೇಪರು ಅವರ ಕೈಯಲ್ಲಿ ನಿಂತುಹೋಗಿತ್ತು.

"ನಾಳೆ ಆರು ಗಂಟೆ ಬಸ್ಸು..." ಎಂದರು, ಬೇರೆಯೇ ದನಿಯಲ್ಲಿ.

"ಬೇರೆಯವರನ್ನ ಹಾಕಿ ಸಾರ್," ಎಂದರು ಭಾವ, ತಲೆ ಎತ್ತದೆ.

ಬರೆದು ಮುಗಿಸಿ ನೋಟ್‌ಬುಕ್ಕನ್ನು ಟೈಲರನ ಕೈಗಿತ್ತರು. ಬೆರಳಿನ ಚಾಕ್ ತಗುಲಿ ಹಾಳೆಯ ಅಂಚು ನೀಲಿಯಾಗಿತ್ತು. ಅವರ ಮೂಗಿನ ತುದಿಯೂ ನೀಲಿಯಾಗಿತ್ತು. ಬೇರೆ ದಿನವಾಗಿದ್ದರೆ ಪೋಸ್ಟ್‌ಮ್ಯಾನ್ ಬಿದ್ದು ಬಿದ್ದು ನಗುತ್ತಿದ್ದ. ಇವತ್ತು ಅವನು ಜೇಬಿನಿಂದ ಕರವಸ್ತ್ರ ತೆಗೆದು, ಕೊಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.