ಅಪ್ಪ ಅಪ್‌ಡೇಟ್ ಒತ್ತಿಬಿಟ್ಟ ಮೇಲೆ

೧
ಈ ಕಥೆಯನ್ನು ಹೇಗೆ ಶುರುಮಾಡಲಿ? "ಬೆಳಗಾಗುವಷ್ಟರಲ್ಲಿ ಅವಳ ಲೋಕವೇ ಕುಸಿದಿತ್ತು" ಎಂದು ಬರೆದೆ. ಓದಿ ನನಗೇ ನಗು ಬಂತು, ಅಳಿಸಿದೆ. ಕುಸಿದದ್ದು ಲೋಕವಲ್ಲ, ಕಂಪೈಲರ್. (ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಸಾಧನ. ನನಗೂ ಇಷ್ಟೇ ಗೊತ್ತು. ಇಂಥ ಕಥೆ ನನ್ನ ಕೈಗೆ ಸಿಕ್ಕಿದೆ, ಮಂಗನ ಕೈಗೆ ಮಾಣಿಕ್ಯ!)

೨
ನೇರವಾಗಿ ಹೇಳಿಬಿಡುತ್ತೇನೆ. ಮಗಳು ಪ್ರೋಗ್ರಾಮರ್. ಅಮ್ಮನಿಗೆ ಲಕ್ವ ಹೊಡೆದು ಮಾತು ಹೋಗಿದೆ. ಬುದ್ಧಿ ಮೊದಲಿನಷ್ಟೇ ಚುರುಕು. ಮಗಳು ಟ್ಯಾಬ್ಲೆಟ್ಟಿನಲ್ಲಿ ಒಂದು ಆ್ಯಪ್ ಮಾಡಿಕೊಟ್ಟಿದ್ದಾಳೆ. ಬಟನ್ ಒತ್ತಿದರೆ ಮಗಳದೇ ದನಿಯಲ್ಲಿ "ನೀರು ಕೊಡಿ", "ಫ್ಯಾನ್ ಹಾಕಿ" ಎನ್ನುತ್ತದೆ. ಬೇರೆ ಮಾತು ಆಡಬೇಕೆಂದರೆ ಒಂದೊಂದೇ ಅಕ್ಷರ ಒತ್ತಿ ಜೋಡಿಸಬೇಕು. ಅಷ್ಟು ಹೊತ್ತು ಕಾಯುವ ಪುಣ್ಯಾತ್ಮರು ಯಾರು? ಅಮ್ಮ ಅರ್ಧ ಜೋಡಿಸುವಷ್ಟರಲ್ಲಿ ಅಪ್ಪ ಊಹಿಸಿ, ಎದ್ದು, ಬೇಡದ್ದನ್ನು ತಂದಿಟ್ಟಿರುತ್ತಾರೆ.

ನಾಳೆ ಅಮ್ಮನ ಅಕ್ಕಂದಿರು ಬರುತ್ತಾರೆ. ಅವರಂತೂ ಮೊದಲ ಅಕ್ಷರಕ್ಕೇ ಮುಗಿಸುವವರು. ಅಷ್ಟರೊಳಗೆ ತನಗೊಂದು ಹೊಸ ಬಟನ್ ಬೇಕೆಂದು ಅಮ್ಮ ಹಟ ಹಿಡಿದಿದ್ದಾರೆ. ಒಂದೇ ಸಲ ಒತ್ತಿದರೆ ಅದು "ಇರಿ, ನಾನಿನ್ನೂ ಮುಗಿಸಿಲ್ಲ" ಎನ್ನಬೇಕು. ಮಗಳು ಆ ಮಾತಿನ ಮೊದಲಿಗೆ "ದಯವಿಟ್ಟು" ಸೇರಿಸಲು ನೋಡಿದಳು. ಅಮ್ಮ ಬೇಡವೆಂದು ತಲೆಯಾಡಿಸಿದರು.

೩
ಇನ್ನು ಅಪ್ಪ. ಪರದೆಯಲ್ಲಿ ಕೆಂಪು ಚುಕ್ಕೆ ಕಂಡರೆ ಅವರಿಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ.

"ಅಪ್ಪಾ, ನನ್ನ ಕಂಪ್ಯೂಟರಲ್ಲಿ ಅಪ್‌ಡೇಟ್ ಯಾರು ಒತ್ತಿದ್ದು?"

"ಕೆಂಪು ಚುಕ್ಕೆ ಇತ್ತಮ್ಮ. ಒತ್ತಿದೆ. ಹೋಯ್ತು."

"ಅದರ ಜೊತೆ ನನ್ನ ಟೂಲ್ಸೂ ಹೋದ್ವು! ಈಗ ಬಟನ್ ಹೆಂಗೆ ಮಾಡ್ಲಿ?"

"ಹೊಸದು ಅಂದ್ರೆ ಒಳ್ಳೇದೇ ಅಲ್ವಾ?"

(ಅಪ್ಪನನ್ನು ಖಳನಾಯಕ ಮಾಡುವ ಆಸೆಯಿತ್ತು. ಅಷ್ಟರಲ್ಲಿ ಅವರು ಪೆಚ್ಚುಮೋರೆ ಹಾಕಿಕೊಂಡು ಅವಳಿಗೆ ಚಹಾ ಮಾಡಲು ಹೋದರು. ಕೈಬಿಟ್ಟೆ.)

೪
ಕಂಪೈಲರ್ ಎಲ್ಲಿ ಎಂದು ಕೇಳಿದರೆ ಕಂಪ್ಯೂಟರ್ "ಅಂಥದ್ದು ಇಲ್ಲ" ಎಂದಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, "ನನಗೂ ಇದೇ ಪ್ರಾಬ್ಲಮ್" ಎಂದು ಅಳುವ ಜನರ ಸಾಲು. ಅವರಲ್ಲೊಬ್ಬ "ಸರಿಹೋಯ್ತು, ಥ್ಯಾಂಕ್ಸ್" ಎಂದು ಬರೆದು, ಹೇಗೆಂದು ಹೇಳದೆ ಮಾಯವಾಗಿದ್ದ. ಗಾಯದ ಮೇಲೆ ಬರೆ.

ಕೊನೆಗೊಂದು ಕಮ್ಯಾಂಡ್ ಅವಳ ಕಣ್ಣಿಗೆ ಬಿತ್ತು, ಎಲ್ಲವೂ ಸರಿಹೋಯಿತು, ಮರುದಿನ ದೊಡ್ಡಮ್ಮಂದಿರೆಲ್ಲ ಕಣ್ಣೀರು ಒರೆಸಿಕೊಂಡರು. ಮುಗಿಯಿತು.

"ಯಾವ ಕಮ್ಯಾಂಡು?" ಮಗಳು ಕುರ್ಚಿ ತಿರುಗಿಸಿ ನನ್ನನ್ನೇ ಕೇಳಿದಳು.

"ಅದು ಟೆಕ್ನಿಕಲ್ ವಿಷಯ. ಓದುಗರಿಗೆ ಬೇಡ."

"ಗೊತ್ತಿಲ್ಲ ಅನ್ನಿ. ನಾನಿನ್ನೂ ಹುಡುಕ್ತಾ ಇದೀನಿ, ನೀವು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರಿ. ನೀವೂ ನಮ್ಮಪ್ಪನ ಥರಾನೇ."

ನಾಚಿಕೆಯಾಯಿತು, ನಿಜ ಹೇಳುತ್ತೇನೆ.

೪ (ಮತ್ತೆ)
ಕಂಪೈಲರ್ ಎಲ್ಲೂ ಹೋಗಿರಲಿಲ್ಲ. ಅದು ಹಳೇ ಜಾಗದಲ್ಲೇ ಇತ್ತು. ಹೊಸ ಸಿಸ್ಟಮ್ ಬೇರೆಲ್ಲೋ ಹುಡುಕುತ್ತಿತ್ತು. ಅವಳು ದಾರಿ ತೋರಿಸಿದಳು. ಆಗ "ಇದು ಹಳೆಯದು, ಒಪ್ಪಲ್ಲ" ಎಂದಿತು. ಎಲ್ಲ ಕಿತ್ತು ಹೊಸದಾಗಿ ಹಾಕಿದಳು. ಆಗ ಅವಳ ಪ್ರೋಗ್ರಾಮೇ ಹಳೆಯದೆಂದು ಮೂಗು ಮುರಿಯಿತು. ತಿದ್ದಿದಳು, ಬೈದಳು, ಮತ್ತೆ ತಿದ್ದಿದಳು. ಚಹಾ ಆರಿತು. (ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಲೇಖಕನಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.)

ಸಂಜೆ ಹೊತ್ತಿಗೆ ಟ್ಯಾಬ್ಲೆಟ್ಟಿನಲ್ಲಿ ಹೊಸ ಬಟನ್ ಮೂಡಿತು.

ಕೊನೆ, ಒಂದನೆಯ ಬಗೆ: ನಾಳೆ ದೊಡ್ಡಮ್ಮಂದಿರ ಮುಂದೆ ಅದು ಕೆಲಸ ಮಾಡುತ್ತದೆ.
ಎರಡನೆಯ ಬಗೆ: ಕೆಲಸ ಮಾಡುತ್ತದೆ, ಅವರು ಕೇಳುವುದಿಲ್ಲ.
ಮೂರನೆಯ ಬಗೆ: ಅಷ್ಟರಲ್ಲಿ ಟ್ಯಾಬ್ಲೆಟ್ಟಿಗೂ ಕೆಂಪು ಚುಕ್ಕೆ ಬಂದು, ಅಪ್ಪ

ಅಮ್ಮ ಬೆರಳೆತ್ತಿ ಒತ್ತಿದರು.

"ಇರಿ, ನಾನಿನ್ನೂ ಮುಗಿಸಿಲ್ಲ."

ನೀರು ತರಲು ಅರ್ಧ ಎದ್ದಿದ್ದ ಅಪ್ಪ ಕೂತರು. ನಾನೂ ಪೆನ್ನು ಕೆಳಗಿಟ್ಟೆ.

ಅಮ್ಮ ಅಕ್ಷರಗಳತ್ತ ಬಾಗಿದರು. ಮೊದಲನೆಯದು "ಮ". ಏನಿರಬಹುದೆಂದು ನನಗೆ ಹೊಳೆಯುತ್ತಿದೆ, ಆದರೆ ಹೇಳುವುದಿಲ್ಲ. ಅಪ್ಪನಿಗೂ ಹೊಳೆದಿದೆ, ತುಟಿ ಕಚ್ಚಿಕೊಂಡು ಕೂತಿದ್ದಾರೆ. ನೀವೂ ಊಹಿಸಬೇಡಿ, ಇಲ್ಲೇ ಜಾಗವಿದೆ, ಕೂತುಕೊಳ್ಳಿ. ಅಮ್ಮ ಎರಡನೆಯ ಅಕ್ಷರ ಹುಡುಕುತ್ತಿದ್ದಾರೆ.